ಬೈಬಲ್ ಅನುವಾದಕರನ್ನ ನೆನೆಯೋದು ಹೇಗೆ? ದಿಂಬಿನಿಂದ ಶುರು ಮಾಡಿ

ಬೈಬಲ್ ಅನುವಾದಕ್ಕೆ, ಅಕ್ಷರ ಕಲಿಸೋದಕ್ಕೆ ಅಂತಲೇ ಜೀವ ಸವೆಸಿದವರ ನೆನಪಿನ ಸಭೆ ಹೇಗಿರತ್ತೆ ಗೊತ್ತಲ್ಲ, ಹುಟ್ಟಿದ್ದು ಇಂಥ ವರ್ಷ, ಓದಿದ್ದು ಇಷ್ಟು, ತೀರ್ಕೊಂಡಿದ್ದು ಇಂಥ ದಿನ, ಎರಡು ನಿಮಿಷ ಮೌನ, ಮುಗೀತು. ನಾನೂ ಒಂದ್ಸಲ ಇಂಥದ್ದೇ ಬರ್ಕೊಂಡು ಹೋಗಿ ಓದಿದೀನಿ, ಆಮೇಲೆ ಒಬ್ರು ಬಂದು "ಅವ್ರು ಅನುವಾದ ಮಾಡಿದ್ದು ಯಾವ ಭಾಷೆಗೆ?" ಅಂತ ಕೇಳಿದ್ರು. ಅದನ್ನೇ ಹೇಳಿರ್ಲಿಲ್ಲ ನಾನು!

ಅದಕ್ಕೇ ಹೇಳ್ತೀನಿ, ಹತ್ತು ಜನರ ಪಟ್ಟಿ ಬೇಡ, ಒಬ್ರನ್ನ ಹಿಡ್ಕೊಳ್ಳಿ, ಅವರ ಬದುಕಿಂದ ಒಂದೇ ಒಂದು ವಸ್ತು ಹುಡುಕಿ. ಬರ್ಮೀ ಭಾಷೆಗೆ ಬೈಬಲ್ ತಂದ ಅಡೋನಿರಾಮ್ ಜಡ್ಸನ್ ಅಂದ್ರೆ ನಂಗೆ ದಿಂಬು. 1824ರಲ್ಲಿ ಬರ್ಮಾದಲ್ಲಿ ಅವರನ್ನ ಜೈಲಿಗೆ ಹಾಕಿದಾಗ ಹೆಂಡತಿ ಆನ್ ಬರ್ಮೀ ಅನುವಾದದ ಕೈಬರಹನ ಒಂದು ಗಟ್ಟಿ ದಿಂಬಿನೊಳಗೆ ಹೊಲಿದು ಕೊಟ್ಟಿದ್ರು, ಯಾರೂ ಕದಿಯೋಕೆ ಆಸೆ ಪಡಬಾರದು ಅನ್ನೋ ಥರದ ದಿಂಬು ಅದು, ಆಮೇಲೆ ಜೈಲಿನವ್ರು ಅದನ್ನ ಬಿಸಾಕಿದಾಗ ಮೌಂಗ್ ಇಂಗ್ ಅನ್ನೋ ಶಿಷ್ಯ ಗುರುಗಳ ನೆನಪಿಗಿರ್ಲಿ ಅಂತ ಎತ್ಕೊಂಡು ಹೋದ, ಒಳಗೆ ಹಾಳೆಗಳು ಹಾಗೇ ಇದ್ವು. ಇಷ್ಟು ಹೇಳಿದ್ರೆ ಕೂತಿರೋ ಮಕ್ಕಳೂ ಮರೆಯಲ್ಲ.

ಈಗ ಇನ್ನೊಂದ್ಸಲ ಓದಿ, ಆ ಕಥೇಲಿ ಜಡ್ಸನ್ ಏನೂ ಮಾಡ್ಲಿಲ್ಲ, ಹೊಲಿದಿದ್ದು ಒಬ್ರು, ಎತ್ತಿಟ್ಟಿದ್ದು ಇನ್ನೊಬ್ರು. ಬರೆಯೋಕೆ ಕೂತಾಗ ನಾವು ಎಡವೋದು ಇಲ್ಲೇ, ದೊಡ್ಡ ಹೆಸರಿನ ಪಕ್ಕದಲ್ಲಿ ಕೂತಿದ್ದವರನ್ನ ಬಿಟ್ಬಿಡ್ತೀವಿ. ಜಾನ್ ಎಲಿಯಟ್ 1663ರಲ್ಲಿ ಅಮೆರಿಕದ ಮೂಲನಿವಾಸಿಗಳ ಭಾಷೇಲಿ ಇಡೀ ಬೈಬಲ್ ತಂದ್ರು ಅಂತ ಬರೀತೀವಿ, ಅದಕ್ಕೆ ಅಚ್ಚಿನ ಮೊಳೆ ಜೋಡಿಸಿದ ಮೂಲನಿವಾಸಿ ಜೇಮ್ಸ್ ಪ್ರಿಂಟರ್ ಎಲ್ಲಿ? ಬಂಗಾಳಿಗೆ ಬೈಬಲ್ ತಂದ ವಿಲಿಯಂ ಕೇರಿ ಹೆಸರು ಬಂದಾಗ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಿನ ಮೊಳೆ ಕೆತ್ತಿದ ಪಂಚಾನನ ಕರ್ಮಕಾರ್ ಹೆಸರೂ ಬರ್ಲಿ. ಪಂಡಿತಾ ರಮಾಬಾಯಿ ಮರಾಠಿಗೆ ಅನುವಾದ ಮಾಡಿದ್ದು ಸರಿ, ಅದನ್ನ ಅಚ್ಚು ಹಾಕೋಕೆ ದುಡಿದಿದ್ದು ಅವರ ಆಶ್ರಮದ ಹೆಣ್ಮಕ್ಕಳೇ. ಹಾಗಾಗಿ ಬರೆಯೋಕ್ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ, ಇವರಿಗೆ ಆ ಭಾಷೆ ಕಲಿಸಿದ್ದು ಯಾರು, ಕರಡು ತಿದ್ದಿದ್ದು ಯಾರು, ಮೊದ್ಲು ಓದಿದ್ದು ಯಾರು?

ಓದೋ ವಿಷ್ಯ ಬಂತಲ್ಲ, ಅಕ್ಷರದ ಕೆಲಸನ ಕೊನೇ ಸಾಲಿಗೆ ತಳ್ಳಬೇಡಿ. ಮೆಸ್ರೋಪ್ ಮಾಶ್ತೋಟ್ಸ್ ಸುಮಾರು ಕ್ರಿ.ಶ. 405ರಲ್ಲಿ ಅರ್ಮೇನಿಯನ್ ಭಾಷೆಗೆ ಲಿಪಿನೇ ಮಾಡ್ಬೇಕಾಯ್ತು, ಬೈಬಲ್ ಅನುವಾದ ಆಗಿದ್ದು ಅದಾದ್ಮೇಲೆ. ಫಿಲಿಪೈನ್ಸ್‌ನಲ್ಲಿ ಜನರಿಗೆ ಓದೋಕೆ ಕಲಿಸ್ತಿದ್ದ ಮಿಷನರಿ ಫ್ರಾಂಕ್ ಲೌಬಾಕ್ ಹತ್ರ ಮೇಷ್ಟ್ರುಗಳಿಗೆ ಕೊಡೋಕೆ ದುಡ್ಡು ಮುಗಿದಾಗ, ಕಲಿತವನು ಇನ್ನೊಬ್ಬನಿಗೆ ಕಲಿಸ್ಲೇಬೇಕು ಅಂತ ಪಟ್ಟು ಹಿಡಿದಿದ್ದು ಅಲ್ಲಿನ ಮುಖಂಡನೇ.

ಸಭೆ ಮಾಡೋದಾದ್ರೆ ಆ ಭಾಷೆ ಮನೆಮಾತಾಗಿರೋರ ಕೈಲಿ ನಾಲ್ಕು ವಾಕ್ಯ ಜೋರಾಗಿ ಓದ್ಸಿ, ಸಿಗ್ಲಿಲ್ಲ ಅಂದ್ರೆ ರೆಕಾರ್ಡಿಂಗ್ ಹಾಕಿ, ಅರ್ಥ ಆಗ್ದಿದ್ರೂ ಪರ್ವಾಗಿಲ್ಲ. ದಿನಕ್ಕೆ ತಲೆ ಕೆಡಿಸ್ಕೋಬೇಡಿ, ಸೆಪ್ಟೆಂಬರ್ 8 ಸಾಕ್ಷರತಾ ದಿನ, ಸೆಪ್ಟೆಂಬರ್ 30 ಅನುವಾದ ದಿನ, ಲ್ಯಾಟಿನ್‌ಗೆ ಬೈಬಲ್ ತಂದ ಸಂತ ಜೆರೋಮ್ ಹಬ್ಬದ ದಿನವೂ ಅದೇ, ಎರಡರಲ್ಲಿ ಯಾವ್ದಾದ್ರೂ ಆಗತ್ತೆ.

ನೀವು ನೆನೆಯೋರು ಇತ್ತೀಚೆಗೆ ತೀರಿಕೊಂಡ, ಹೆಸರಿಲ್ಲದ ಮನುಷ್ಯರಾದ್ರೆ ಕೆಲಸ ಇನ್ನೂ ಅರ್ಜೆಂಟು. ಪದಗಳ ಚೀಟಿ, ಕ್ಯಾಸೆಟ್ಟು, ತಿದ್ದಿದ ಕರಡು ಇವೆಲ್ಲ ರದ್ದಿಗೆ ಹೋಗೋಕ್ ಮುಂಚೆ ಮನೆಯವರನ್ನ ಕೇಳಿ ಸ್ಕ್ಯಾನ್ ಮಾಡಿ, ಪ್ರತಿ ಫೈಲಿಗೂ ಊರು, ವರ್ಷ, ಯಾರ ಕೈಬರಹ ಅಂತ ಹೆಸರಿಡಿ, ಬರೀ "ಸ್ಕ್ಯಾನ್ 1" ಅಂತಿಟ್ರೆ ನಿಮಗೇ ಗೊತ್ತಾಗಲ್ಲ. ಜೊತೆಗೆ ಕೆಲಸ ಮಾಡಿದವರು ತೊಂದ್ರೆ ಇರೋ ಜಾಗದಲ್ಲಿದ್ರೆ ಅವರನ್ನ ಕೇಳದೆ ಹೆಸರು, ಫೋಟೋ ಎಲ್ಲೂ ಹಾಕ್ಬೇಡಿ. ಅವರಲ್ಲಿ ವಯಸ್ಸಾದವ್ರು ಯಾರಾದ್ರೂ ಇದ್ರೆ ಸ್ಕ್ಯಾನಿಂಗ್ ಆಮೇಲೆ ನೋಡ್ಕೊಂಡ್ರಾಯ್ತು, ಮೊದ್ಲು ಫೋನಲ್ಲಿ ರೆಕಾರ್ಡರ್ ಆನ್ ಮಾಡಿ ಅವರ ಮುಂದೆ ಹೋಗಿ ಕೂತ್ಕೊಳ್ಳಿ, "ಯಾವ ಪದಕ್ಕೆ ನೀವಿಬ್ರೂ ಜಾಸ್ತಿ ಜಗಳ ಆಡಿದ್ರಿ?" ಅಂತ ಕೇಳಿ.