ವಿಮಾನದಾಟಕ್ಕೆ ರೆಕ್ಕೆ ಬೇಡ, ಟ್ರೇ ಸಾಕು

ಮೊದಲ ಸಲ ವಿಮಾನ ಹತ್ತುವ ಮಕ್ಕಳಿಗೆ ಮನೆಯಲ್ಲೇ ಆಟದ ಮೂಲಕ ಅಭ್ಯಾಸ ಮಾಡಿಸುವುದು ಒಳ್ಳೆಯದೇ. ಆದರೆ ಹೆಚ್ಚಿನವರು ಆಡಿಸುವುದು ಹಾರುವ ಆಟ. ಕೈ ಅಗಲಿಸಿಕೊಂಡು ಸೋಫಾ ಸುತ್ತ ಜುಯ್ ಅಂತ ಓಡುವುದು, ಅಷ್ಟೇ. ಅಳು ಶುರುವಾಗುವುದು ಆಕಾಶದಲ್ಲಲ್ಲ, ಸೆಕ್ಯುರಿಟಿ ಸಾಲಿನಲ್ಲಿ. ಅಪ್ಪಿಕೊಂಡಿದ್ದ ಬೊಂಬೆಯನ್ನು ಯಾರೋ ಗೊತ್ತಿಲ್ಲದವರು ಟ್ರೇಗೆ ಹಾಕು ಅಂದಾಗ.

ಹೊರಡುವ ಹಿಂದಿನ ರಾತ್ರಿ ಗಡಿಬಿಡಿಯಲ್ಲಿ ಆಡಿಸಬೇಡಿ. ಒಂದು ವಾರ ಮೊದಲೇ ಶುರು ಮಾಡಿ.

ಬೋರ್ಡಿಂಗ್ ಪಾಸ್‌ಗೆ ಒಂದು ಕಾಗದದ ಚೂರು ಸಾಕು. ಮಗುವಿನ ಹೆಸರು, ಸೀಟ್ ನಂಬರ್ ಬರೆದರೆ ಆಯಿತು. ಏರ್‌ಪೋರ್ಟ್ ಆಟದ ಸೆಟ್ ಮಾತ್ರ ಕೊಳ್ಳಬೇಡಿ. ಮಗು ಸೈರನ್ ಬಟನ್ ಒತ್ತುತ್ತಾ ಕೂರುತ್ತದೆ, ಆಟ ಅಲ್ಲಿಗೇ ನಿಲ್ಲುತ್ತದೆ.

ಈಗ ಸೆಕ್ಯುರಿಟಿ. ಮೇಜಿನ ಮೇಲೆ ಉದ್ದನೆಯ ಟವೆಲ್ ಹಾಸಿ, ಅದು ಸಾಮಾನು ಸಾಗಿಸುವ ಬೆಲ್ಟ್. ನಡುವೆ ಎರಡೂ ಬದಿ ತೆರೆದ ರಟ್ಟಿನ ಪೆಟ್ಟಿಗೆ, ಅದು ಸ್ಕ್ಯಾನರ್. ಟ್ರೇಯಲ್ಲಿ ಬ್ಯಾಗು, ಜಾಕೆಟ್, ಬೊಂಬೆ ಇಡಿಸಿ ಟವೆಲನ್ನು ನಿಧಾನ ಎಳೆಯಿರಿ. ಬೊಂಬೆ ಪೆಟ್ಟಿಗೆಯೊಳಗೆ ಹೋದ ತಕ್ಷಣ ಎಳೆಯುವುದು ನಿಲ್ಲಿಸಿ. ಮಗುವಿನ ಜೊತೆ 10ರವರೆಗೆ ಎಣಿಸಿ. ಇದನ್ನು ಬಿಡಲೇಬೇಡಿ. ನಿಜವಾದ ಬೆಲ್ಟ್ ಕೂಡ ಆಗಾಗ ನಿಲ್ಲುತ್ತದೆ, ಬೊಂಬೆ ಕಾಣದೆ ಮಗು ಕಿರುಚುವುದು ಆಗಲೇ. ಆ ಕಡೆಯಿಂದ ಅದು ಹೊರಗೆ ಬಂದೇ ಬರುತ್ತದೆ ಅಂತ ಮನೆಯಲ್ಲಿ ನಾಲ್ಕಾರು ಸಲ ನೋಡಿದ್ದರೆ ಕಾಯುವುದು ಸುಲಭ.

ಆಮೇಲೆ ಕೋಣೆಯ ಬಾಗಿಲು, ಅದೇ ಮೆಟಲ್ ಡಿಟೆಕ್ಟರ್. ಯಾರ ಕೈಯನ್ನೂ ಹಿಡಿಯದೆ, ಚೌಕಟ್ಟು ಮುಟ್ಟದೆ ಮಗು ದಾಟಿ ಬರಲಿ. ಆ ಕಡೆ ಮನೆಯವರು ಒಬ್ಬರು ಮೊದಲೇ ನಿಂತಿರಬೇಕು. ಒಂದೆರಡು ಸಲ ಬೇಕಂತಲೇ ಬೀಪ್ ಅನ್ನಿ. ಕೈ ಅಗಲಿಸಿ ನಿಲ್ಲಿಸಿ, ಒಂದು ಸೌಟನ್ನು ಮೈ ಸುತ್ತ ಆಡಿಸಿ, ಅದು ಕೈಯಲ್ಲಿ ಹಿಡಿಯುವ ಡಿಟೆಕ್ಟರ್. "ತಂಟೆ ಮಾಡಿದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾರೆ" ಅಂತ ಮಾತ್ರ ಹೆದರಿಸಬೇಡಿ, ಅಷ್ಟೂ ಆಟ ನೀರುಪಾಲಾಗುತ್ತದೆ. ಆಟಿಕೆ ಬಂದೂಕೂ ಬೇಡ. ಅದು ಬ್ಯಾಗಿನಲ್ಲಿ ಸೇರಿಕೊಂಡರೆ ನಿಜವಾದ ತಪಾಸಣೆಯಲ್ಲಿ ತೆಗೆಸುತ್ತಾರೆ.

ಈಗ ಪಾತ್ರ ಬದಲಿಸಿ. ಮಗು ಅಧಿಕಾರಿ, ನೀವು ಪ್ರಯಾಣಿಕರು. ನಿಮ್ಮ ಜೇಬು ಖಾಲಿ ಮಾಡಿಸಲಿ. ನೀವು ಬೊಂಬೆ ಹಿಡಿದುಕೊಂಡು "ಕೊಡಲ್ಲ ಹೋಗು" ಅಂತ ಸ್ವಲ್ಪ ಹಟ ಮಾಡಿ. "ಅದಕ್ಕೆ ಏನೂ ಆಗಲ್ಲ, ಒಳಗೆ ಫೋಟೋ ತೆಗೀತಾರೆ ಅಷ್ಟೇ" ಅಂತಲೋ ಏನೋ ಮಗುವೇ ಸಮಾಧಾನ ಹೇಳುತ್ತದೆ. ಆ ಮಾತು ನೆನಪಿಟ್ಟುಕೊಳ್ಳಿ, ಅಲ್ಲಿ ಅದನ್ನೇ ಹೇಳಿ.

ಸೀಟಿನ ಆಟಕ್ಕೆ ಹಿಂದೆ ಮುಂದೆ ಎರಡು ಕುರ್ಚಿ. ಮುಂದಿನದರಲ್ಲಿ ದೊಡ್ಡವರು ಕೂತರೆ, ಒದ್ದರೆ ಅವರಿಗೆ ತಾಗುತ್ತದೆ ಅಂತ ತಾನೇ ತಿಳಿಯುತ್ತದೆ.

ಕಿವಿ ವಿಷಯ ಆಟದಲ್ಲಿ ಬಿಟ್ಟೇ ಹೋಗುತ್ತದೆ. ವಿಮಾನ ಇಳಿಯುವಾಗ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಮಕ್ಕಳಲ್ಲಿ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಳಿಕೆ ಸಣ್ಣದು, ಅದಕ್ಕೇ ನೋವು. ನುಂಗಿದರೆ, ಆಕಳಿಸಿದರೆ ಅದು ತೆರೆದುಕೊಳ್ಳುತ್ತದೆ. "ವಿಮಾನ ಇಳೀತಿದೆ" ಅಂದಾಗಲೆಲ್ಲ ಸಿಂಹದ ಹಾಗೆ ಬಾಯಿ ಅಗಲಿಸಿ ಆಕಳಿಸುವುದು, ಸ್ಟ್ರಾದಲ್ಲಿ ಗುಟುಕು ನೀರು ಕುಡಿಯುವುದು ಆಟದ ನಿಯಮವಾಗಲಿ. ಪುಟ್ಟ ಮಕ್ಕಳಿಗೆ ಗಟ್ಟಿ ಮಿಠಾಯಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಇಳಿಯುವುದು ಚಕ್ರ ನೆಲ ಮುಟ್ಟುವುದಕ್ಕಿಂತ ಸುಮಾರು ಅರ್ಧ ಗಂಟೆ ಮುಂಚೆಯೇ ಶುರು, ಹಾಗಾಗಿ ನಿದ್ದೆಯಲ್ಲಿದ್ದರೆ ಆಗಲೇ ಎಬ್ಬಿಸಿ.

ಇಷ್ಟಕ್ಕೆಲ್ಲ ಪುರುಸೊತ್ತಿಲ್ಲ, ವಿಡಿಯೊ ತೋರಿಸಿದರೆ ಸಾಲದೇ ಅನ್ನುವವರಿದ್ದಾರೆ. ಸಾಲದು. ಸದ್ದು ಕೇಳಿಸುವುದಕ್ಕೆ ಮಾತ್ರ ಅದು ಸರಿ, ಮುಖ್ಯವಾಗಿ ವಿಮಾನದ ಟಾಯ್ಲೆಟ್ ಸದ್ದು. ಅಲ್ಲಿನ ಫ್ಲಶ್ ಗಾಳಿಯನ್ನು ಭರ್‍ ಅಂತ ಎಳೆದುಕೊಳ್ಳುತ್ತದೆ. ಮೊದಲು ಮುಚ್ಚಳ ಹಾಕುವುದು, ಮಗು ಎರಡೂ ಕಿವಿ ಮುಚ್ಚಿಕೊಳ್ಳುವುದು, ಆಮೇಲೆ ದೊಡ್ಡವರು ಬಟನ್ ಒತ್ತುವುದು. ಈ ಕ್ರಮವನ್ನು ಮನೆಯ ಟಾಯ್ಲೆಟ್‌ನಲ್ಲೇ ರೂಢಿ ಮಾಡಿಸಿ.