ವ್ಯಾನ್ ಮಾರುವಾಗ ಚಾವಣಿಯ ಸೋಲಾರ್ ಬಿಚ್ಚಬೇಕಾ, ಬಿಡಬೇಕಾ?

ಟೆಂಪೊ ಟ್ರಾವೆಲರ್‌ಗೆ ಮಂಚ, ಅಡುಗೆ ಕಟ್ಟೆ, ಪುಟ್ಟ ಫ್ರಿಜ್ ಹಾಕಿಸಿ ಕ್ಯಾರವಾನ್ ಮಾಡಿಕೊಂಡವರು ಈಗ ನಮ್ಮ ತುಮಕೂರಿನ ಕಡೆಯೂ ಕಾಣುತ್ತಾರೆ. ದೇವರಾಯನದುರ್ಗ, ಮಧುಗಿರಿ, ರಜೆ ಜಾಸ್ತಿ ಸಿಕ್ಕರೆ ಸಕಲೇಶಪುರದವರೆಗೆ ಹೋಗಿಬರುತ್ತಾರೆ. ಕೆಲವು ವರ್ಷ ಓಡಿಸಿ, ಮಾರುವ ಮಾತು ಬಂದಾಗ ಮನೆಯಲ್ಲಿ ಚರ್ಚೆ ಶುರು. ಮೇಲಿರುವ ಸೋಲಾರ್ ಪ್ಯಾನೆಲ್ ಬಿಚ್ಚಿ ಇಟ್ಟುಕೊಳ್ಳೋಣವಾ, ಗಾಡಿ ಜೊತೆಗೇ ಕೊಟ್ಟುಬಿಡೋಣವಾ?

ದುಡ್ಡು ಹಾಕಿ ಮಾಡಿಸಿದ್ದು, ಸುಮ್ನೆ ಯಾಕೆ ಬಿಡಬೇಕು ಅನ್ನಿಸುವುದು ಸಹಜ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚಾವಣಿಗೆ ಕೂರಿಸಿದ ಪ್ಯಾನೆಲ್ಲನ್ನು ಅಲ್ಲೇ ಬಿಡುವುದು ಹೆಚ್ಚಿನವರಿಗೆ ಒಳ್ಳೆಯದು. ಏನಾದರೂ ಉಳಿಸಿಕೊಳ್ಳಲೇಬೇಕು ಅಂತಿದ್ದರೆ ಬ್ಯಾಟರಿ ಬಗ್ಗೆ ಯೋಚನೆ ಮಾಡಿ. ಆದರೂ ಎಲ್ಲರ ಗಾಡಿ ಒಂದೇ ಥರ ಇರುವುದಿಲ್ಲ. ನಿಮ್ಮದನ್ನು ಹೀಗೆ ಒಂದೊಂದಾಗಿ ನೋಡುತ್ತಾ ಬನ್ನಿ.

1. ಏನೇನಿದೆ ಅಂತ ಬರೆದುಕೊಳ್ಳಿ

ಸೋಲಾರ್ ಅಂದರೆ ಮೇಲಿನ ಪ್ಯಾನೆಲ್ ಮಾತ್ರ ಅಲ್ಲ. ಪ್ಯಾನೆಲ್ಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬಿಸುವ ಚಾರ್ಜ್ ಕಂಟ್ರೋಲರ್, ಬ್ಯಾಟರಿ, ಇನ್ವರ್ಟರ್, ವೈರು, ಫ್ಯೂಸು ಎಲ್ಲ ಸೇರಿದ್ದು. ಎಷ್ಟು ವ್ಯಾಟ್, ಎಷ್ಟು ಆಂಪಿಯರ್, ಯಾವ ವರ್ಷದ್ದು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಹಳೇ ಬಿಲ್ಲು ಇದ್ದರೆ ಹುಡುಕಿ ಇಡಿ.

ಬರೆದಾದ ಮೇಲೆ ಅಂಗಡಿಯಲ್ಲಿ ಇವತ್ತಿನ ದರ ಕೇಳಿ. ಪ್ಯಾನೆಲ್ ದರ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ ಕೂಡ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಾಗಾಗಿ ನೀವು ಅವತ್ತು ಕೊಟ್ಟ ದುಡ್ಡನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದರೆ ತಪ್ಪುತ್ತದೆ. ಲಿಥಿಯಂ ಬ್ಯಾಟರಿ ಇದ್ದರೆ ಇಡೀ ಪಟ್ಟಿಯಲ್ಲಿ ಅದೇ ದುಬಾರಿ ವಸ್ತು ಆಗಿರುತ್ತದೆ.

2. ಏಣಿ ಹಾಕಿ ಚಾವಣಿ ನೋಡಿ

ಅರ್ಧ ತೀರ್ಮಾನ ಇಲ್ಲೇ ಆಗಿಹೋಗುತ್ತದೆ. ಪ್ಯಾನೆಲ್ ಹೇಗೆ ಕೂತಿದೆ ಅನ್ನುವುದೇ ಮುಖ್ಯ.

ಕ್ಯಾರಿಯರ್ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದರೆ ಬಿಚ್ಚುವುದು ಸುಲಭ. ಚಾವಣಿಯ ಶೀಟಿಗೆ ಏನೂ ಆಗುವುದಿಲ್ಲ. ವೈರು ಒಳಗೆ ಇಳಿಯುವ ಒಂದು ತೂತನ್ನು ಮುಚ್ಚಿಸಿದರೆ ಆಯಿತು.

ಶೀಟಿಗೇ ತೂತು ಕೊರೆದು ಸ್ಕ್ರೂ ಹಾಕಿದ್ದರೆ ಕಥೆ ಬೇರೆ. ಎರಡು ಪ್ಯಾನೆಲ್ ಅಂದರೆ ಕಡಿಮೆ ಅಂದರೂ ಎಂಟು ಕಡೆ ಬ್ರಾಕೆಟ್ ಇರುತ್ತದೆ. ಬಿಚ್ಚಿದ ಮೇಲೆ ಅಷ್ಟೂ ತೂತು ಬಾಯಿ ಬಿಡುತ್ತವೆ. ಸೀಲೆಂಟ್ ಬಳಿದು ಮುಚ್ಚಿದರೂ ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದು ನೀರು ಒಳಗಿನ ಪ್ಲೈವುಡ್‌ಗೆ ಇಳಿಯಬಹುದು. ಸರಿಯಾಗಿ ಮಾಡಿಸಬೇಕು ಅಂದರೆ ಟಿಂಕರಿಂಗ್, ಪೇಂಟಿಂಗ್ ಎರಡೂ ಬೇಕು. ಆ ಖರ್ಚನ್ನು ಹಳೇ ಪ್ಯಾನೆಲ್ಲಿನ ಬೆಲೆ ಪಕ್ಕದಲ್ಲಿ ಇಟ್ಟು ನೋಡಿ. ಎಷ್ಟೋ ಸಲ ಖರ್ಚೇ ಜಾಸ್ತಿ ಬರುತ್ತದೆ. ಕೊಳ್ಳಲು ಬಂದವರು ಏಣಿ ಹತ್ತಿ ತೇಪೆ ನೋಡಿದರೆ ‘ಸೋರುತ್ತಾ?’ ಅಂತಲೇ ಮೊದಲು ಕೇಳುತ್ತಾರೆ. ಅನುಮಾನ ಒಮ್ಮೆ ಬಂದರೆ ಗಾಡಿಯ ಬೆಲೆಯೇ ಇಳಿಯುತ್ತದೆ.

ಅಂಟು ಹಾಕಿ ಬ್ರಾಕೆಟ್ ಕೂರಿಸಿದ್ದರೆ ಕೀಳುವಾಗ ಬಣ್ಣವೂ ಎದ್ದು ಬರುತ್ತದೆ. ಇನ್ನು ಬಾಗುವ ತೆಳು ಪ್ಯಾನೆಲ್ಲನ್ನು ಶೀಟಿಗೇ ಅಂಟಿಸಿದ್ದರೆ ಕೈ ಹಾಕಲೇಬೇಡಿ. ಕೀಳುವಷ್ಟರಲ್ಲಿ ಒಳಗಿನ ಸೆಲ್ ಒಡೆದಿರುತ್ತದೆ. ನಿಮಗೂ ಇಲ್ಲ, ಕೊಳ್ಳುವವರಿಗೂ ಇಲ್ಲ.

3. ಬಿಚ್ಚಿ ಏನು ಮಾಡುತ್ತೀರಿ?

‘ಮನೆ ಮೇಲೆ ಹಾಕ್ಕೊಳ್ತೀವಿ’ ಅನ್ನುವವರೇ ಹೆಚ್ಚು. ಮನೆಯಲ್ಲಿ ಆಗಲೇ ಬೆಸ್ಕಾಂ ನೆಟ್ ಮೀಟರ್ ಇರುವ ಸೋಲಾರ್ ಇದ್ದರೆ ಈ ಸಣ್ಣ ಪ್ಯಾನೆಲ್ ಅದರ ಜೊತೆ ಹೊಂದುವುದಿಲ್ಲ. ಈಗ ಮನೆಗೆ ಹಾಕುವ ಪ್ಯಾನೆಲ್ ಒಂದೊಂದೂ ಹೆಚ್ಚಾಗಿ 500 ವ್ಯಾಟ್ ಮೇಲಿರುತ್ತದೆ. ವ್ಯಾನಿನದು 100ರಿಂದ 200 ವ್ಯಾಟ್. ಒಂದೇ ಸಾಲಿನಲ್ಲಿ ಜೋಡಿಸಿದರೆ ಕಡಿಮೆ ಕರೆಂಟಿನ ಪ್ಯಾನೆಲ್ ಇಡೀ ಸಾಲನ್ನೇ ಕೆಳಗೆ ಎಳೆಯುತ್ತದೆ.

ತೋಟದ ಬೋರ್‌ವೆಲ್‌ಗೆ ಅಂದುಕೊಂಡರೆ ಅದೂ ಆಗದ ಮಾತು. 5 ಎಚ್‌ಪಿ ಸೋಲಾರ್ ಪಂಪಿಗೆ ಸುಮಾರು 4,800 ವ್ಯಾಟ್ ಪ್ಯಾನೆಲ್ ಬೇಕು. ಕೊಟ್ಟಿಗೆಗೆ ಎಲ್‌ಇಡಿ ದೀಪ, ತೋಟದ ಮನೆಗೆ ಡಿಸಿ ಫ್ಯಾನು, ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿಯ ಯಂತ್ರ, ಇಂಥದ್ದಕ್ಕೆ ಮಾತ್ರ ಚೆನ್ನಾಗಿ ಒದಗುತ್ತದೆ. ಕೊರಟಗೆರೆ, ಗುಬ್ಬಿ ಕಡೆ ತೋಟ ಇಟ್ಟುಕೊಂಡವರಿಗೆ ಇದು ನಿಜವಾದ ಉಪಯೋಗ. ಮುಂದೆ ಇನ್ನೊಂದು ವ್ಯಾನ್ ಮಾಡಿಸುವ ಯೋಚನೆ ಗಟ್ಟಿಯಾಗಿದ್ದರೂ ಇಟ್ಟುಕೊಳ್ಳಬಹುದು. ಇವೆರಡೂ ಇಲ್ಲದಿದ್ದರೆ ಪ್ಯಾನೆಲ್ ಅಟ್ಟದ ಮೇಲೆ ಧೂಳು ತಿನ್ನುತ್ತದೆ.

4. ಮಧ್ಯಾಹ್ನ ಪರೀಕ್ಷೆ ಮಾಡಿ

ಒಳ್ಳೆಯ ಪ್ಯಾನೆಲ್ 25 ವರ್ಷ ಬಾಳುತ್ತದೆ. ವರ್ಷಕ್ಕೆ ಶೇ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಶಕ್ತಿ ಇಳಿಯುತ್ತದೆ, ಅಷ್ಟೇ. ಆದರೆ ವ್ಯಾನಿನ ಮೇಲಿನದು ಕುಲುಕಾಟ, ಮರದ ಕೊಂಬೆ ಎಲ್ಲ ತಿಂದಿರುತ್ತದೆ. ಆದ್ದರಿಂದ ಬಟ್ಟೆಯಲ್ಲಿ ಒರೆಸಿ, ಬಿಸಿಲಿರುವ ದಿನ 11ರಿಂದ 1 ಗಂಟೆಯೊಳಗೆ ಕಂಟ್ರೋಲರ್ ಪರದೆಯಲ್ಲಿ ಎಷ್ಟು ವ್ಯಾಟ್ ಬರುತ್ತಿದೆ ನೋಡಿ.

ಬ್ಯಾಟರಿ ತುಂಬಿದ್ದರೆ ಕಂಟ್ರೋಲರ್ ತಾನಾಗಿಯೇ ಪ್ಯಾನೆಲ್ಲಿನಿಂದ ಬರುವುದನ್ನು ತಗ್ಗಿಸುತ್ತದೆ. ಆಗ ಅಂಕಿ ಕಡಿಮೆ ಕಂಡು ಗಾಬರಿ ಬೀಳುತ್ತಾರೆ. ಮೊದಲು ಫ್ರಿಜ್, ಫ್ಯಾನ್ ಹಾಕಿ ಬ್ಯಾಟರಿ ಸ್ವಲ್ಪ ಇಳಿಯಲಿ. 200 ವ್ಯಾಟ್ ಪ್ಯಾನೆಲ್ ಆಗ 140ರಿಂದ 160 ವ್ಯಾಟ್ ತೋರಿಸಿದರೆ ಚೆನ್ನಾಗಿದೆ ಅಂತಲೇ ಅರ್ಥ. ಲೇಬಲ್ಲಿನಲ್ಲಿ ಬರೆದಿರುವುದು ಸೆಲ್ 25 ಡಿಗ್ರಿ ಇದ್ದಾಗಿನ ಲೆಕ್ಕ. ನಮ್ಮ ಬಿಸಿಲಿಗೆ ತಗಡಿನ ಮೇಲೆ ಸೆಲ್ 60 ಡಿಗ್ರಿ ದಾಟುತ್ತದೆ. ಬಿಸಿ ಏರಿದಷ್ಟೂ ಉತ್ಪಾದನೆ ಇಳಿಯುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನ ಪ್ಯಾನೆಲ್ಲಿಗೂ ಇದೇ ನಿಯಮ. ಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಿ. ಕಂಟ್ರೋಲರ್ ಪರದೆಯ ಫೋಟೊ ತೆಗೆದು ಇಡಿ, ಮೋಡದ ದಿನ ಗಾಡಿ ನೋಡಲು ಬಂದವರಿಗೆ ತೋರಿಸಬಹುದು.

ಗಾಜು ಬಿರುಕು ಬಿಟ್ಟಿದ್ದರೆ, ಸೆಲ್ ಮೇಲೆ ಕಂದು ಮಚ್ಚೆ ಬಂದಿದ್ದರೆ ಅದನ್ನೂ ಮುಚ್ಚಿಡಬೇಡಿ.

5. ಯಾರು ಕೊಳ್ಳುತ್ತಾರೆ?

ಬೆಂಗಳೂರಿನಿಂದ ಬರುವ ಕುಟುಂಬ ಕ್ಯಾರವಾನ್ ಅಂತಲೇ ಕೊಳ್ಳುತ್ತದೆ. ಅವರಿಗೆ ಸೋಲಾರ್ ಬೇಕೇ ಬೇಕು. ಲೆಕ್ಕ ನೋಡಿ. 12 ವೋಲ್ಟಿನ ಫ್ರಿಜ್ ಸೆಕೆಯಲ್ಲಿ ದಿನಕ್ಕೆ ಸುಮಾರು 500 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಎಳೆಯುತ್ತದೆ. ದೀಪ, ಫ್ಯಾನು, ಮೊಬೈಲ್ ಸೇರಿ 700 ಆಗಬಹುದು. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು 1,280 ವ್ಯಾಟ್-ಅವರ್. ಪ್ಯಾನೆಲ್ ಇಲ್ಲದಿದ್ದರೆ, ನಿಂತಲ್ಲೇ ನಿಂತ ಗಾಡಿಯಲ್ಲಿ ಎರಡನೇ ದಿನಕ್ಕೇ ಖಾಲಿ. 200 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿಗೆ ದಿನಕ್ಕೆ 800ರಷ್ಟು ತುಂಬಿಸುತ್ತದೆ. ಅಂದರೆ ನೀವು ಬಿಚ್ಚುವುದು ಪ್ಯಾನೆಲ್ಲನ್ನು ಮಾತ್ರ ಅಲ್ಲ, ಆ ಫ್ರಿಜ್ಜಿನ ಉಪಯೋಗವನ್ನೂ. ಇಂಥವರಿಗೆ ಎಲ್ಲ ಸೇರಿಸಿ ಒಂದೇ ಬೆಲೆ ಹೇಳಿ. ಪ್ಯಾನೆಲ್ಲಿಗೆ ಬೇರೆ ರೇಟು ಹೇಳಿದರೆ ಚೌಕಾಸಿ ಅಲ್ಲಿಂದಲೇ ಶುರುವಾಗುತ್ತದೆ.

ಒಳಗಿನದೆಲ್ಲ ಕಿತ್ತು ಸರಕು ಸಾಗಿಸಲು ಬಳಸುವವರು ಸೋಲಾರ್‌ಗೆ ಒಂದು ರೂಪಾಯಿ ಸೇರಿಸುವುದಿಲ್ಲ. ಆಗ ಬಿಚ್ಚಿಕೊಳ್ಳುವುದು ನ್ಯಾಯ. ಮೊಬೈಲ್ ಕ್ಯಾಂಟೀನ್ ಮಾಡುವವರು ಇದ್ದರೆ ಕೇಳಿ ನೋಡಿ, ದೀಪಕ್ಕೆ, ಬಿಲ್ಲಿಂಗ್ ಯಂತ್ರಕ್ಕೆ ಬೇಕಾಗುತ್ತದೆ.

ಏನು ಇರುತ್ತದೆ, ಏನು ಇರುವುದಿಲ್ಲ ಅನ್ನುವುದು ಗಾಡಿ ತೋರಿಸುವ ಮುಂಚೆಯೇ ತೀರ್ಮಾನ ಆಗಿರಲಿ. ತೋರಿಸುವಾಗ ಪ್ಯಾನೆಲ್ ಇದ್ದು, ಅಡ್ವಾನ್ಸ್ ಕೊಟ್ಟ ಮೇಲೆ ಮಾಯವಾದರೆ ಜಗಳ ಖಂಡಿತ. ಬ್ಯಾಟರಿ ಉಳಿಸಿಕೊಳ್ಳುವುದಾದರೆ ಅದರ ಜಾಗಕ್ಕೆ ಸಾದಾ ಲೆಡ್ ಆಸಿಡ್ ಬ್ಯಾಟರಿ ಕೂರಿಸಿ, ಕಂಟ್ರೋಲರ್‌ನಲ್ಲಿ ಬ್ಯಾಟರಿ ಬಗೆ ಬದಲಿಸಿ ಕೊಡಿ. ಲಿಥಿಯಂ ಸೆಟ್ಟಿಂಗಿನಲ್ಲೇ ಬಿಟ್ಟರೆ ಹೊಸ ಬ್ಯಾಟರಿ ಬೇಗ ಹಾಳಾಗುತ್ತದೆ.

6. ಬಿಚ್ಚುವುದೇ ಆದರೆ

ಪ್ಯಾನೆಲ್ ಮೇಲೆ ದಪ್ಪ ಕಂಬಳಿ ಅಥವಾ ಟಾರ್ಪಾಲು ಹೊದಿಸಿ. ಬಿಸಿಲು ಇರುವವರೆಗೂ ವೈರಿನಲ್ಲಿ ಕರೆಂಟು ಇರುತ್ತದೆ. ಮೊದಲು ಪ್ಯಾನೆಲ್ ವೈರನ್ನು ಕಂಟ್ರೋಲರ್‌ನಿಂದ ತೆಗೆಯಿರಿ, ಆಮೇಲೆ ಬ್ಯಾಟರಿಯದು. ಉಲ್ಟಾ ಮಾಡಿದರೆ ಕಂಟ್ರೋಲರ್ ಸುಟ್ಟುಹೋಗಬಹುದು. ಮತ್ತೆ ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ನಂತರ. ಡಿಸಿ ಕಿಡಿ ಸುಲಭವಾಗಿ ಆರುವುದಿಲ್ಲ, ಅನುಭವ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಉಳಿದ ವೈರಿನ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ.

7. ಕಾಗದ ಪತ್ರ

ಕ್ಯಾರವಾನ್‌ಗೆ ಎಐಎಸ್-124 ಅಂತ ಬೇರೆಯೇ ಮಾನದಂಡ ಇದೆ. ಗಾಡಿ ಮಾರ್ಪಾಡು ಆರ್‌ಸಿಯಲ್ಲಿ ನಮೂದಾಗಿದೆಯಾ ನೋಡಿಕೊಳ್ಳಿ. ಮಾರಾಟ ಪತ್ರದಲ್ಲಿ ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್ ಒಂದೊಂದನ್ನೂ ಹೆಸರಿಸಿ ‘ಸೇರಿದೆ’ ಅಥವಾ ‘ಸೇರಿಲ್ಲ’ ಅಂತ ಬರೆಯಿರಿ. ವಾರಂಟಿ ಕಾರ್ಡು, ಬಿಲ್ಲು ಜೊತೆಗೆ ಕೊಡಿ.

ಮಾಲೀಕತ್ವ ಬದಲಾವಣೆಗೆ ಫಾರಂ 29, 30 ಬೇಕು. ರಾಜ್ಯದ ಒಳಗೇ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಧುಗಿರಿ, ಪಾವಗಡದವರಿಗೆ ಹಿಂದೂಪುರದ ಗಿರಾಕಿ ಸಿಗುವುದು ಹೊಸದೇನಲ್ಲ. ಅದು ಆಂಧ್ರ ಆದ್ದರಿಂದ ಫಾರಂ 28ರಲ್ಲಿ ಎನ್‌ಒಸಿ ಪಡೆಯಬೇಕು, ಮಾರಿದ್ದನ್ನು ತಿಳಿಸಲು ಇರುವ ಅವಧಿ 45 ದಿನ.

ಇನ್ಶೂರೆನ್ಸ್ ಮಾಡಿಸುವಾಗ ಸೋಲಾರ್ ಉಪಕರಣಗಳ ಬೆಲೆಯನ್ನು ಬೇರೆಯಾಗಿ ತೋರಿಸಿ ಪ್ರೀಮಿಯಂ ಕಟ್ಟಿದ್ದರೆ, ಬಿಚ್ಚಿದ ವಿಷಯ ಕಂಪನಿಗೆ ಬರೆದು ತಿಳಿಸಿ. ಬಿಚ್ಚಿರಲಿ, ಗಾಡಿ ಜೊತೆಗೇ ಕೊಟ್ಟಿರಲಿ, ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ಅರ್ಜಿ ಹಾಕಬೇಕು. ಕೀ ಕೊಡುವ ದಿನವೇ ಅವರಿಗೆ ಇದನ್ನು ನೆನಪಿಸಿ.