ಚಿತ್ರ ಬರೆಯಲು ಬಾರದವನು ಕಾಮಿಕ್ ಕಾನ್‌ಗೆ ಹೋದದ್ದು

ಮೊದಲ ಸಲ, ಕಾಮಿಕ್ಸ್ ಮಾಡುವವರೂ ಓದುವವರೂ ಸೇರುವ ಮೇಳವಾದ ಕಾಮಿಕ್ ಕಾನ್‌ಗೆ ಹೊರಟಾಗ ನನ್ನ ಬೆನ್ನಚೀಲದಲ್ಲಿ ಒಂದು ಕಾಮಿಕ್ಸ್ ಸ್ಕ್ರಿಪ್ಟಿನ 10 ಪ್ರತಿಗಳಿದ್ದವು. ಒಂದೊಂದೂ 120 ಪುಟ, ಸ್ಪೈರಲ್ ಬೈಂಡಿಂಗ್, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಎರಡು ವರ್ಷ ಕೂತು ಬರೆದದ್ದು. ಸಂಪಾದಕರೊಬ್ಬರು ಸಿಗುತ್ತಾರೆ, ಕೈಗೆ ಕೊಡುತ್ತೇನೆ, ರಾತ್ರಿ ಓದಿ ಬೆಳಿಗ್ಗೆ ಫೋನ್ ಮಾಡುತ್ತಾರೆ ಎಂಬುದು ನನ್ನ ಲೆಕ್ಕ. ಮೂರು ದಿನ ಕಳೆದು ಮನೆಗೆ ಬಂದಾಗ ಹತ್ತೂ ಪ್ರತಿಗಳು ಚೀಲದಲ್ಲೇ ಇದ್ದವು. ಭುಜದ ನೋವು ಮಾತ್ರ ಹೊಸದು.

ಕಾಮಿಕ್ಸ್ ಲೋಕದಲ್ಲಿ ಚಿತ್ರಕಾರರಿಗೆ ಇರುವ ಅನುಕೂಲ ಬರಹಗಾರನಿಗಿಲ್ಲ ಎಂಬುದು ಅಲ್ಲಿಗೆ ಹೋಗುವವರೆಗೂ ನನಗೆ ಹೊಳೆದಿರಲಿಲ್ಲ. ಚಿತ್ರಕಾರರು ತಮ್ಮ ಕೆಲಸದ ಮಾದರಿಗಳನ್ನಿಟ್ಟ ಪೋರ್ಟ್‌ಫೋಲಿಯೊ ಬಿಚ್ಚಿದರೆ ಹತ್ತು ಸೆಕೆಂಡಿನಲ್ಲಿ ಅವರ ಕೈ ಎಂಥದ್ದೆಂದು ಎದುರಿನವರಿಗೆ ತಿಳಿದುಹೋಗುತ್ತದೆ. ಅದಕ್ಕೆಂದೇ ಅನೇಕ ಕಾನ್‌ಗಳಲ್ಲಿ ಪೋರ್ಟ್‌ಫೋಲಿಯೊ ನೋಡುವ ಸಮಯವನ್ನೂ ಇಟ್ಟಿರುತ್ತಾರೆ. ನನ್ನ ಸ್ಕ್ರಿಪ್ಟ್ ಓದಲು ಒಂದು ಸಂಜೆ ಬೇಕು. ಗದ್ದಲದ ಸಭಾಂಗಣದಲ್ಲಿ, ಹಿಂದೆ ಹದಿನೈದು ಜನರ ಸಾಲು ನಿಂತಿರುವಾಗ, ಯಾರು ಓದುತ್ತಾರೆ?

ಒಬ್ಬ ಸಂಪಾದಕರ ಎದುರಿಗೆ ನಿಲ್ಲುವ ಅವಕಾಶವೇನೋ ಸಿಕ್ಕಿತು. ಚೀಲದ ಜಿಪ್ ಎಳೆಯುವ ಮೊದಲೇ ಅವರು ಕೈ ಅಡ್ಡ ಹಿಡಿದರು. ‘ದಯವಿಟ್ಟು ಹೊರಗೆ ತೆಗೆಯಬೇಡಿ, ನಾನು ಅದನ್ನು ಓದುವಂತಿಲ್ಲ’ ಎಂದರು. ತಾವಾಗಿ ಕೇಳದೆ ಬಂದ ಸ್ಕ್ರಿಪ್ಟನ್ನು ಅನೇಕ ಪ್ರಕಾಶನ ಸಂಸ್ಥೆಗಳು ಮುಟ್ಟುವುದಿಲ್ಲ. ನಾಳೆ ಅದೇ ಬಗೆಯ ಕಥೆ ಅವರಲ್ಲಿ ಪ್ರಕಟವಾದರೆ, ನನ್ನದನ್ನು ಕದ್ದರು ಎಂದು ನಾನು ಕೋರ್ಟಿಗೆ ಹೋಗಬಹುದಲ್ಲ! ಓದುವ ಕೆಲವರೂ ಮೊದಲು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹೊರಡುವ ಮುಂಚೆ ನಾನು ತಿಳಿದುಕೊಳ್ಳಬೇಕಿದ್ದ ವಿಷಯ ಇದು.

ಆದರೂ ಅವರು ಒಳ್ಳೆಯವರು, ‘ಕಥೆ ಏನು, ಹೇಳಿ’ ಎಂದರು. ನಾನು ನಾಯಕನ ಅಜ್ಜನಿಂದ ಶುರು ಮಾಡಿದೆ. ಸುಮಾರು ನಾಲ್ಕು ನಿಮಿಷ ಮಾತನಾಡಿರಬೇಕು. ಒಂದನೆಯ ನಿಮಿಷದಲ್ಲೇ ಅವರ ಕಣ್ಣು ನನ್ನ ಭುಜದಾಚೆ ಹೊರಳಿದ್ದನ್ನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ. ನಾಯಕ ಇನ್ನೂ ಹುಟ್ಟಿರಲಿಲ್ಲ, ನಿಲ್ಲಿಸುವುದು ಹೇಗೆ?

ಸ್ಯಾನ್ ಡಿಯಾಗೊ ಕಾಮಿಕ್ ಕಾನ್ 1970ರಲ್ಲಿ ಶುರುವಾದಾಗ ಅದರ ಮೂರು ದಿನದ ಮೊದಲ ಸಮ್ಮೇಳನಕ್ಕೆ ಬಂದವರು ಸುಮಾರು 300 ಜನ. ಮೂರು ದಿನದಲ್ಲಿ 300 ಜನರ ಮುಖ ಪರಿಚಯವಾಗಿಬಿಡುತ್ತದೆ, ಯಾರೋ ಒಬ್ಬರು ಕೂತು ಸ್ಕ್ರಿಪ್ಟ್ ಓದಿದರೂ ಓದಿಯಾರು. ಈಗ ಅಲ್ಲಿಗೆ 1,30,000ಕ್ಕೂ ಹೆಚ್ಚು ಜನ ಬರುತ್ತಾರೆ. ನಾನು ಹೋದದ್ದು ಅಷ್ಟು ದೊಡ್ಡದಕ್ಕಲ್ಲ, ಆದರೆ ನನ್ನ ತಲೆಯಲ್ಲಿದ್ದ ಕಾನ್ ಮಾತ್ರ ಆ 300 ಜನರದ್ದೇ.

ಮುಂದಿನ ವರ್ಷ ಯಾವ ಸಂಪಾದಕರ ಹತ್ತಿರವೂ ಹೋಗುವುದಿಲ್ಲ ಎಂದು ನಿರ್ಧರಿಸಿಯೇ ಹೊರಟೆ. ಜೇಬಿನಲ್ಲಿ ಸ್ಕ್ರಿಪ್ಟಿನ ಒಂದೇ ಒಂದು ಪುಟ, ನಾಲ್ಕು ಮಡಿಕೆ ಮಾಡಿದ್ದು. ಮೊದಲ ದಿನವಿಡೀ ಗೋಷ್ಠಿಗಳಲ್ಲಿ ಕಳೆದೆ. ಬರಹಗಾರರ ಯಾವ ಗೋಷ್ಠಿಗೆ ಹೋದರೂ ಪ್ರಶ್ನೋತ್ತರದ ಹೊತ್ತಿಗೆ ಯಾರಾದರೊಬ್ಬರು ಎದ್ದು ‘ಈ ಕ್ಷೇತ್ರಕ್ಕೆ ಬರುವುದು ಹೇಗೆ’ ಎಂದು ಕೇಳುತ್ತಾರೆ. ವೇದಿಕೆಯ ಮೇಲಿದ್ದವರು ‘ಕಾಮಿಕ್ಸ್ ಮಾಡಿ’ ಎನ್ನುತ್ತಾರೆ. ಮೂರು ಗೋಷ್ಠಿಗಳಲ್ಲೂ ಇದೇ ಉತ್ತರ. ಜಾರಿಕೊಳ್ಳುವ ಮಾತು ಎಂದು ನನಗೆ ಸಿಟ್ಟು ಬಂತು. ಚಿತ್ರ ಬರೆಯಲು ಬಾರದವನು ಕಾಮಿಕ್ಸ್ ಮಾಡುವುದಾದರೂ ಹೇಗೆ?

ಎರಡನೆಯ ದಿನ ಆರ್ಟಿಸ್ಟ್ ಆಲಿಗೆ ಹೋದೆ. ಚಿತ್ರಕಾರರು ಸಾಲಾಗಿ ಮೇಜು ಹಾಕಿಕೊಂಡು ತಮ್ಮ ಪುಸ್ತಕ, ಪ್ರಿಂಟುಗಳನ್ನು ತಾವೇ ಮಾರುವ ಜಾಗ ಅದು. ಅಲ್ಲಿ ನಡೆದುಕೊಳ್ಳುವುದಕ್ಕೂ ಒಂದು ರೀತಿಯಿದೆ. ಮೇಜಿನ ಹಿಂದೆ ಕೂತವರು ಆ ಮೂರು ದಿನದ ಮಟ್ಟಿಗೆ ಅಂಗಡಿಯವರು. ಮೇಜಿನ ಬಾಡಿಗೆ, ಪ್ರಯಾಣ, ಮುದ್ರಣ ಎಲ್ಲವೂ ಆ ವ್ಯಾಪಾರದಿಂದಲೇ ಹುಟ್ಟಬೇಕು. ಕೊಳ್ಳುವವರು ಬಂದರೆ ಮಾತು ಅರ್ಧದಲ್ಲಿದ್ದರೂ ಪಕ್ಕಕ್ಕೆ ಸರಿಯಬೇಕು. ಶನಿವಾರದ ನೂಕುನುಗ್ಗಲಿನಲ್ಲಿ ‘ನನ್ನದೊಂದು ಕಥೆಯಿದೆ’ ಎಂದು ಹೋಗಿ ನಿಂತರೆ ಯಾರಿಗೂ ಪ್ರೀತಿ ಹುಟ್ಟುವುದಿಲ್ಲ. ಕೊನೆಯ ದಿನದ ಮಧ್ಯಾಹ್ನ ಒಳ್ಳೆಯದು. ಜನ ಕಡಿಮೆ, ಕೂತವರಿಗೂ ಬೇಸರ.

ನಾನು ಒಬ್ಬ ಚಿತ್ರಕಾರ್ತಿಯ ಸಣ್ಣ ಪುಸ್ತಕವೊಂದನ್ನು ಕೊಂಡು, ಮೂಲೆಯಲ್ಲಿ ನೆಲದ ಮೇಲೆ ಕೂತು ಓದಿ, ಒಂದು ಗಂಟೆಯ ನಂತರ ವಾಪಸ್ ಹೋದೆ. ಐದನೆಯ ಪುಟದಲ್ಲಿ ಮಳೆಯನ್ನು ಗೆರೆಗಳಿಲ್ಲದೆ, ಬರೀ ಒದ್ದೆಯಾದ ಬಟ್ಟೆಯ ಮಡಿಕೆಗಳಿಂದ ತೋರಿಸಿದ್ದರ ಬಗ್ಗೆ ಕೇಳಿದೆ. ಅವರ ಮುಖ ಅರಳಿತು. ಹತ್ತು ನಿಮಿಷದ ಮೇಲೆ ‘ನೀವು ಏನು ಮಾಡುತ್ತೀರಿ?’ ಎಂದು ಅವರೇ ಕೇಳಿದರು. ಜೇಬಿನ ಪುಟ ಹೊರಬಂತು.

ಅದರ ಮೂರನೆಯ ಚೌಕದ, ಅಂದರೆ ಪುಟದಲ್ಲಿ ಒಂದು ಚಿತ್ರ ಕೂರುವ ಚೌಕಟ್ಟಿನ, ವಿವರಣೆ ಹೀಗಿತ್ತು: ‘ಅವಳು ಕುರ್ಚಿಯಿಂದ ಎದ್ದು, ದೀಪ ಆರಿಸಿ, ಬಾಗಿಲು ತೆರೆದು ಹೊರಗೆ ಇಣುಕುತ್ತಾಳೆ. ಇಷ್ಟು ವರ್ಷ ಮಾಡಿದ್ದೆಲ್ಲ ತಪ್ಪೇ ಎಂಬ ಅನುಮಾನ ಅವಳಿಗೆ.’

‘ಇದರಲ್ಲಿ ಎಷ್ಟು ಚಿತ್ರಗಳಿವೆ?’ ಎಂದರು.

‘ಒಂದು.’

ಅವರು ಪೆನ್ಸಿಲ್ ತೆಗೆದು ಪುಟದ ಅಂಚಿನಲ್ಲಿ ಬೆರಳುಗುರಿನಷ್ಟು ದೊಡ್ಡ ನಾಲ್ಕು ಚೌಕಗಳನ್ನು ಹಾಕಿದರು. ಏಳುವುದು, ಆರಿಸುವುದು, ತೆರೆಯುವುದು, ಇಣುಕುವುದು. ‘ಚಿತ್ರ ಅಲುಗಾಡುವುದಿಲ್ಲ. ಒಂದು ಚೌಕದಲ್ಲಿ ಒಂದೇ ಕ್ರಿಯೆ. ಯಾವುದು ಬೇಕೋ ನೀವೇ ಆರಿಸಬೇಕು, ನನ್ನ ತಲೆಗೆ ಕಟ್ಟಬಾರದು. ಇನ್ನು ಈ ಅನುಮಾನವನ್ನು ಎಲ್ಲಿ ಬರೆಯಲಿ? ಹುಬ್ಬಿನಲ್ಲೋ, ಬೆನ್ನಿನಲ್ಲೋ, ಬಾಗಿಲು ಹಿಡಿದ ಕೈಯಲ್ಲೋ?’

ಆಮೇಲೆ ಅದೇ ಚೌಕದ ಮಾತುಗಳನ್ನು ಎಣಿಸಿದರು. ಪಾತ್ರದ ಮಾತು ಬರೆಯುವ ಒಂದೇ ಗುಳ್ಳೆಯಲ್ಲಿ 61 ಪದ. ಪೆನ್ಸಿಲ್ ಚೌಕದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ‘ನಿಮ್ಮ ಮಾತು ಇಷ್ಟು ಜಾಗ ತಿನ್ನುತ್ತದೆ. ಉಳಿದದ್ದರಲ್ಲಿ ಅವಳ ಒಂದು ಕಿವಿ ಬರೆದುಕೊಡಬಲ್ಲೆ’ ಎಂದರು. ಒಂದು ಗುಳ್ಳೆಗೆ ಹೆಚ್ಚೆಂದರೆ 25 ಪದ ಎಂಬುದು ಅವರು ಕೊಟ್ಟ ಅಳತೆ. ಇನ್ನೊಂದು ತಪ್ಪು ನನಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ಐದನೆಯ ಚೌಕದಲ್ಲಿ ಮೊದಲು ಮಾತನಾಡುವವನನ್ನು ನಾನು ಬಲಗಡೆ ನಿಲ್ಲಿಸಿದ್ದೆ. ಓದುವವರು ಎಡದಿಂದ ಬರುತ್ತಾರೆ. ಉತ್ತರ ಮೊದಲು ಸಿಗುತ್ತದೆ, ಪ್ರಶ್ನೆ ಆಮೇಲೆ. ಸರಿಪಡಿಸಲು ಹೋದರೆ ಮಾತನಾಡುವವರತ್ತ ಚಾಚುವ ಗುಳ್ಳೆಗಳ ಬಾಲಗಳು ಒಂದರ ಮೇಲೊಂದು ಹಾಯುತ್ತವೆ. ಒಂದು ಪುಟದಲ್ಲಿ ಇಷ್ಟು. 120 ಪುಟಗಳಲ್ಲಿ ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತ ರಾತ್ರಿ ನಿದ್ದೆ ಬರಲಿಲ್ಲ.

ಕೊನೆಗೆ ನಾನು ಎಲ್ಲ ಹೊಸಬರೂ ಆಡುವ ಮಾತನ್ನೇ ಆಡಿದ್ದೆ: ನೀವು ಬರೆದುಕೊಡಿ, ಲಾಭ ಬಂದರೆ ಅರ್ಧ ನಿಮಗೆ. ಅವರು ನಕ್ಕರು. ಒಂದು ಪುಟ ಬರೆದು ಮುಗಿಸಲು ಅವರಿಗೆ ಒಂದು ದಿನ, ಕೆಲವೊಮ್ಮೆ ಎರಡು ದಿನ. ನಾನೋ, ಒಂದು ಬೆಳಿಗ್ಗೆಯಲ್ಲಿ ಮೂರು ಪುಟ ಸ್ಕ್ರಿಪ್ಟ್ ಗೀಚಿ ಏಳುತ್ತೇನೆ. ಬಾರದ ಲಾಭದ ಅರ್ಧದ ಮೇಲೆ ನಾಲ್ಕಾರು ತಿಂಗಳು ದುಡಿಯಿರಿ ಎಂದಂತಾಯಿತು. ಕೇಳಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ದೊಡ್ಡ ಸ್ಕ್ರಿಪ್ಟನ್ನು ಬದಿಗಿಟ್ಟು ಎಂಟು ಪುಟದ ಕಥೆಯೊಂದನ್ನು ಬರೆದೆ. ಎಂಟೇ ಏಕೆಂದರೆ, ಮಧ್ಯೆ ಪಿನ್ನು ಹೊಡೆದ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ಎರಡು ಎ4 ಹಾಳೆ ಮಡಚಿದರೆ ಎಂಟು ಪುಟ, ಹೊದಿಕೆಗೆ ಮೂರನೆಯದು. ಅಷ್ಟು ಪುಟಗಳ ಚಿತ್ರಕ್ಕೆ ಹಣ ಹೊಂದಿಸಲು ನನಗೂ ಸಾಧ್ಯವಿತ್ತು. ಚಿತ್ರಕಾರ ಅದೇ ಸಾಲಿನಲ್ಲಿ ಪರಿಚಯವಾದ, ನನ್ನಷ್ಟೇ ಹೊಸಬನಾದ ಹುಡುಗ. ಪುಟಕ್ಕೆ ಇಷ್ಟು ಎಂದು ಮಾತಾಡಿ ಅರ್ಧ ಮುಂಗಡ ಕೊಟ್ಟೆ. ಹಕ್ಕು ಯಾರದ್ದು, ಹೊದಿಕೆಯ ಮೇಲೆ ಹೆಸರು ಹೇಗೆ, ಕೆಲಸ ಅರ್ಧಕ್ಕೆ ನಿಂತರೆ ಏನು ಎಂಬುದನ್ನೆಲ್ಲ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಸ್ನೇಹ ಉಳಿದದ್ದು ಆ ಕಾಗದದಿಂದ ಎಂದೇ ನನ್ನ ನಂಬಿಕೆ.

ಕಥೆ ಇದು: ಪತ್ರಿಕೆಯೊಂದರ ನಿಧನ ವಾರ್ತೆಗಳ ಕರಡು ತಿದ್ದುವವಳಿಗೆ ಒಂದು ರಾತ್ರಿ ಅಲ್ಲಿ ತನ್ನದೇ ಹೆಸರು ಕಾಣುತ್ತದೆ. ಹೆಸರು ಕಾಣಿಸುವ ಚೌಕವನ್ನು ನಾನು ಐದನೆಯ ಪುಟದಲ್ಲಿ ಇಟ್ಟಿದ್ದೆ. ಹಳೆಯ ಸ್ಕ್ರಿಪ್ಟಿನ ಹಾಳೆಗಳನ್ನು ಕಿತ್ತು, ಮಡಚಿ, ಖಾಲಿ ಬೆನ್ನಿನ ಮೇಲೆ ಕಡ್ಡಿ ಮನುಷ್ಯರನ್ನು ಗೀಚಿ ಒಂದು ಡಮ್ಮಿ ಮಾಡಿ ನೋಡಿದಾಗ ಎಡವಟ್ಟು ತಿಳಿಯಿತು. ಐದನೆಯ ಪುಟ ಬಲಗಡೆಯದು. ಹಾಳೆ ತಿರುವಿದ ಕೂಡಲೇ ನಾಲ್ಕು, ಐದು ಎರಡೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ನಾಲ್ಕನ್ನು ಓದುವಷ್ಟರಲ್ಲಿ ಓರೆಗಣ್ಣಿಗೆ ಐದರ ಗುಟ್ಟು ಸಿಕ್ಕಿಬಿಡುತ್ತದೆ. ಬಚ್ಚಿಡಬೇಕಾದದ್ದು ಸಮ ಸಂಖ್ಯೆಯ ಪುಟದಲ್ಲಿರಬೇಕು, ಹಾಳೆ ತಿರುವಿದ ಮೇಲೆಯೇ ಕಾಣಬೇಕು. ನಾಲ್ಕಕ್ಕೆ ಸರಿಸಿದೆ. ಇವತ್ತಿಗೂ ಏನೇ ಬರೆದರೂ ಮೊದಲು ಡಮ್ಮಿ ಮಾಡುತ್ತೇನೆ. ಆ ಹತ್ತು ಪ್ರತಿಗಳ ಕಾಗದ ಇನ್ನೂ ಮುಗಿದಿಲ್ಲ, ಎಲ್ಲ ಡಮ್ಮಿಗಳ ಅಂಚಿನಲ್ಲೂ ಸ್ಪೈರಲ್ಲಿನ ತೂತುಗಳಿರುತ್ತವೆ.

ಮೂರನೆಯ ಕಾನ್‌ಗೆ ಹೋದದ್ದು ಮೇಜಿನ ಆಚೆ ಬದಿಗೆ. ಚಿತ್ರಕಾರ ಹುಡುಗನೂ ನಾನೂ ಅರ್ಧರ್ಧ ಹಂಚಿಕೊಂಡೆವು. ಮೇಜಿಗೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಬೇಕಾಗುತ್ತದೆ, ಕೆಲವೆಡೆ ಕೆಲಸ ನೋಡಿ ಆರಿಸುತ್ತಾರೆ. ಮುದ್ರಿಸಿದ್ದು 100 ಪ್ರತಿ. ಟೋಕಿಯೊದ ಕಾಮಿಕ್ಸ್ ಮೇಳ ಕಾಮಿಕೆಟ್ ಕೂಡ 1975ರಲ್ಲಿ ಹೀಗೆ ತಾವೇ ಮಾಡಿದ ಪುಸ್ತಕಗಳನ್ನು ಮಾರಲು ಬಂದ 32 ಗುಂಪುಗಳಿಂದ ಆರಂಭವಾದದ್ದು. ಅದನ್ನು ನೆನೆದು ಮೊದಲ ದಿನ ಬೆಳಿಗ್ಗೆ ಧೈರ್ಯ ತಂದುಕೊಂಡೆ, ಏಕೆಂದರೆ ಮಧ್ಯಾಹ್ನದವರೆಗೆ ಒಂದೂ ಮಾರಾಟವಾಗಲಿಲ್ಲ.

ತಪ್ಪು ನನ್ನ ಬಾಯಲ್ಲಿತ್ತು. ನಿಂತವರಿಗೆಲ್ಲ ‘ಇದು ಸಾವು ಮತ್ತು ಗುರುತಿನ ಬಗ್ಗೆ’ ಎನ್ನುತ್ತಿದ್ದೆ. ಅವರು ಗೌರವದಿಂದ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಸಾವಿಗೆ ಯಾರು ತಾನೇ ಹಣ ಕೊಡುತ್ತಾರೆ? ಹೇಳುವುದನ್ನು ಪ್ರತಿ ಸಲವೂ ಸ್ವಲ್ಪ ಬದಲಿಸುತ್ತ ಹೋದೆ, ಎದುರಿನವರ ಕೈ ನೋಡುತ್ತ. ಸಂಜೆಯ ಹೊತ್ತಿಗೆ ಅದು ಹೀಗೆ ನಿಂತಿತ್ತು: ‘ನಿಧನ ವಾರ್ತೆಗಳ ಕರಡು ತಿದ್ದುವವಳಿಗೆ ಒಂದು ರಾತ್ರಿ ಅಲ್ಲಿ ತನ್ನದೇ ಹೆಸರು ಕಾಣುತ್ತದೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದೆ. ತಿದ್ದಬೇಕೇ?’ ‘ಒಂದಕ್ಷರ ತಪ್ಪಿದೆ’ ಎಂಬಲ್ಲಿಗೆ ಬಂದಾಗ ಜನರ ಕೈ ತಾನಾಗಿ ಪುಸ್ತಕದ ಮೇಲೆ ಬರುತ್ತಿತ್ತು. ಮೂರು ದಿನದಲ್ಲಿ 38 ಪ್ರತಿ ಹೋದವು. ಇಪ್ಪತ್ತರಷ್ಟು ನಾನೇ ಹಂಚಿದೆ, ಹೆಚ್ಚಿನವು ಅಕ್ಕಪಕ್ಕದ ಮೇಜಿನವರಿಗೆ. ಬದಲಿಗೆ ಅವರ ಪುಸ್ತಕಗಳು ಬಂದವು. ಮೇಲೇರಿದವರ ಬೆನ್ನು ಹತ್ತುವುದಕ್ಕಿಂತ ನಮ್ಮ ಜೊತೆಗೇ ತಡವರಿಸುತ್ತಿರುವವರ ಪರಿಚಯ ಬೆಳೆಸುವುದು ಮೇಲು ಎಂದು ನನಗನ್ನಿಸಿದೆ. ಈಗ ನನಗೆ ಸಲಹೆ ಕೊಡುವವರೆಲ್ಲ ಅವರೇ.

ಒಂದು ಪೇಚು ಮಾತ್ರ ಬಗೆಹರಿದಿಲ್ಲ. ‘ಇದು ನೀವೇ ಬರೆದದ್ದಾ?’ ಎಂದು ಯಾರಾದರೂ ಕೇಳುತ್ತಾರೆ. ನಮ್ಮ ಭಾಷೆಯಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಕಥೆಯನ್ನೂ ಬರೆಯುತ್ತೇವೆ. ಹೌದು ಎಂದರೆ ಚಿತ್ರ ಹೊಗಳಲು ಶುರು ಮಾಡುತ್ತಾರೆ. ಇಲ್ಲ ಎಂದರೆ ‘ಮತ್ತೆ ನೀವು ಏನು ಮಾಡಿದಿರಿ?’ ಎನ್ನುತ್ತಾರೆ. ಪಕ್ಕದಲ್ಲಿ ಕೂತ ಹುಡುಗ ಮೇಜಿನ ಕೆಳಗೆ ನನ್ನ ಕಾಲು ಒತ್ತಿ ನಗುತ್ತಾನೆ.

ಕೊನೆಯ ದಿನ ಒಬ್ಬ ಸಂಪಾದಕಿಯ ಮೇಜಿಗೆ ಹೋಗಿ ಆ ಮೂರು ವಾಕ್ಯ ಹೇಳಿ ಪುಸ್ತಕ ಕೊಟ್ಟೆ. ಅಚ್ಚಾದ ಪುಸ್ತಕಕ್ಕೆ ಯಾರ ಕೈಯೂ ಅಡ್ಡ ಬರಲಿಲ್ಲ. ನಿಂತಲ್ಲೇ ಎರಡು ನಿಮಿಷದೊಳಗೆ ಎಂಟೂ ಪುಟ ತಿರುವಿ, ‘ಆರನೆಯ ಪುಟದಲ್ಲಿ ಮಾತು ಬೇಕಿರಲಿಲ್ಲ’ ಎಂದರು. ನಿಜವೇ. ಕಾರ್ಡ್ ಕೊಟ್ಟರು. ಸಭಾಂಗಣದ ಕಂಬಕ್ಕೆ ಒರಗಿ ಕಾರ್ಡಿನ ಹಿಂದೆ ‘ಆರನೇ ಪುಟ, ಮಾತು ಬೇಡ’ ಎಂದು ಅಲ್ಲೇ ಬರೆದುಕೊಂಡೆ. ಮೂರು ದಿನದಲ್ಲಿ ಮೂವತ್ತು ಕಾರ್ಡ್ ಸೇರುತ್ತವೆ, ಹಾಗೆ ಬರೆದುಕೊಳ್ಳದಿದ್ದರೆ ಮನೆಯಲ್ಲಿ ಇಸ್ಪೀಟ್ ಎಲೆಗಳಂತೆ ಹರಡಿಕೊಂಡು ಕೂರಬೇಕಾಗುತ್ತದೆ.

ಒಂದು ವಾರ ಬಿಟ್ಟು ಇಮೇಲ್ ಕಳಿಸಿದೆ. ಕಾನ್ ಮುಗಿದ ಮೊದಲ ನಾಲ್ಕು ದಿನ ಅರ್ಧ ಜನ ನೆಗಡಿ ಜ್ವರದಲ್ಲಿ ಮಲಗಿರುತ್ತಾರೆ, ನಾನೂ ಮಲಗಿದ್ದೆ. ಐದು ಸಾಲು: ಎಲ್ಲಿ ಭೇಟಿಯಾದದ್ದು, ಆರನೆಯ ಪುಟದ ಬಗ್ಗೆ ಅವರು ಹೇಳಿದ್ದು, ಮಾತು ತೆಗೆದ ಹೊಸ ಪಿಡಿಎಫ್. ಏಳು ವಾರ ಸುದ್ದಿಯಿಲ್ಲ. ಆಮೇಲೆ, ಸಂಕಲನವೊಂದಕ್ಕೆ ಆರು ಪುಟದ ಕಥೆ ಬೇಕು, ಮೊದಲು ಸ್ಕ್ರಿಪ್ಟ್ ಕಳಿಸಿ ಎಂದು ಎರಡು ಸಾಲಿನ ಉತ್ತರ ಬಂತು.

ಮೊದಲ ಕರಡು ವಾಪಸ್ ಬಂತು. ಎರಡನೆಯ ಪುಟದ ನಾಲ್ಕನೆಯ ಚೌಕದ ಪಕ್ಕದಲ್ಲಿ ಅವರ ಟಿಪ್ಪಣಿ: ‘ಇಲ್ಲಿ ಅವನು ಛತ್ರಿ ಮಡಚುತ್ತಾನೋ, ಒಳಗೆ ಬರುತ್ತಾನೋ? ಒಂದನ್ನು ಆರಿಸಿ.’

ಛತ್ರಿ ಮಡಚಿಸಿ ಕಳಿಸಿದೆ.